ಕಾರ್ಬನ್ ತೆರಿಗೆಯೂ ಅಕ್ಕನ ತೆಂಗಿನ ಮರಗಳೂ

ನನಗೆ ಚೆನ್ನಾಗಿ ಗೊತ್ತಿರುವ ವಿಷಯದಲ್ಲಿಯೇ ಜನ ನನಗೆ ಪಾಠ ಹೇಳುವುದು ನಿವೃತ್ತಿಯ ನಂತರ ವಾಡಿಕೆಯಾಗಿಬಿಟ್ಟಿದೆ. ಯುರೋಪ್ ಪ್ರವಾಸದ ಸಿದ್ಧತೆಯಲ್ಲಂತೂ ಅದು ಮತ್ತೆ ಮತ್ತೆ ನಡೆಯಿತು.

೧. ಕೊನೆಯ ಸಾಲು

ತುಮಕೂರಿನ ಟ್ರಾವೆಲ್ಸ್ ಮಾಲೀಕ ನನ್ನ ಹಳೆಯ ವಿದ್ಯಾರ್ಥಿ. ಅರ್ಥಶಾಸ್ತ್ರದಲ್ಲಿ ಎರಡು ಬಾರಿ ಅನುತ್ತೀರ್ಣನಾದವನು. ನನಗೂ ಅಕ್ಕನಿಗೂ ಅವನು ಕೊಟ್ಟ ಖರ್ಚಿನ ಪಟ್ಟಿಯ ಕೊನೆಯಲ್ಲಿ 'ಕಾರ್ಬನ್ ತೆರಿಗೆ' ಎಂದಿತ್ತು. ಮೂವತ್ತು ವರ್ಷ ತೆರಿಗೆಗಳ ಪಾಠ ಮಾಡಿದ ನನಗೆ ಸಂಶಯ ಬಂತು. ಯಾರು ಹಾಕಿದ್ದು ಎಂದೆ. ಯುರೋಪಿನ ದೇಶದವರು, ವಿಮಾನ ಹೊಗೆ ಬಿಡುವುದಕ್ಕೆ ಎಂದ. ಹೊಗೆ ಬಿಡುವುದು ವಿಮಾನ, ನಾನಲ್ಲ ಎಂದೆ.

"ನೀವು ಹತ್ತಿ ಕೂತ್ಕೊತೀರಲ್ಲ ಮೇಡಂ, ಅದಕ್ಕೇ ಅದು ಹಾರೋದು."

ಈ ಬುದ್ಧಿ ಪರೀಕ್ಷೆಯ ದಿನ ಎಲ್ಲಿಗೆ ಹೋಗಿತ್ತೋ.

೨. ಕುಣಿಗಲ್ಲಿನವರ ತೀರ್ಮಾನ

ನಮ್ಮೊಡನೆ ಬರಬೇಕಿದ್ದ ಕುಣಿಗಲ್ಲಿನ ಬಟ್ಟೆ ವ್ಯಾಪಾರಿ ದಂಪತಿ ಆ ಸಾಲನ್ನು ಓದಿದ್ದೇ ತಡ, ಊಟಿಗೆ ಬಸ್ಸು ಹಿಡಿದರು. ನನ್ನ ಸಂಶಯಕ್ಕೆ ಬೆಂಬಲ ಸಿಕ್ಕಿತೆಂದು ಫೋನ್ ಮಾಡಿದೆ.

"ಬಸ್ಸಿನ ಹೊಗೆ ಇಲ್ಲಿ ಫ್ರೀಯಾಗೇ ಸಿಗ್ತದೆ ಮೇಡಂ," ಎಂದರು ವ್ಯಾಪಾರಿ. "ದುಡ್ಡು ಕೊಟ್ಟು ಅವರ ಹೊಗೆ ಯಾಕೆ?"

೩. ಗುಬ್ಬಿಯ ಪಹಣಿ

ಹಿಮ ನೋಡಬೇಕೆಂಬ ಅಕ್ಕನ ಆಸೆ ನಲವತ್ತು ವರ್ಷಗಳದ್ದು. ಶಿಷ್ಯ ತೆರಿಗೆಯ ಆಧಾರ ತೋರಿಸುವವರೆಗೆ ಪ್ರವಾಸದ ಫಾರಂಗೆ ಸಹಿ ಹಾಕುವುದಿಲ್ಲವೆಂದು ನಾನು ಕುಳಿತಾಗ, ಆಕೆ ಗುಬ್ಬಿಯಿಂದ ತೋಟದ ಪಹಣಿ ಹಿಡಿದು ಬಂದಳು. ತೆಂಗಿನ ಮರಗಳ ಸಂಖ್ಯೆ ಅದರಲ್ಲಿ ನಮೂದಾಗಿತ್ತು.

"ನಮ್ಮ ಮರಗಳು ಎಷ್ಟು ಹೊಗೆ ಕುಡೀತವೆ ಕಣೇ. ಇದನ್ನ ತೋರ್ಸಿದ್ರೆ ಇಬ್ರಿಗೂ ತೆರಿಗೆ ಬಿಡ್ತಾರೆ ಬುಡು."

ನಾನು ನಕ್ಕೆ. ಶಿಷ್ಯ ನಗಲಿಲ್ಲ. ಕೊಟ್ಟ ಕಾಗದವನ್ನು ಬೇಡವೆನ್ನುವ ಪದ್ಧತಿ ನಮ್ಮ ಕಡೆ ಇಲ್ಲ. ಮೂರು ಜೆರಾಕ್ಸ್ ತೆಗೆಸಿ ಅಕ್ಕನ ವೀಸಾ ಅರ್ಜಿಗೆ ಲಗತ್ತಿಸಿದ. ತೆರಿಗೆ ಒಂದು ಪೈಸೆಯೂ ಇಳಿಯಲಿಲ್ಲ. ಕೊನೆಗೆ ಅಕ್ಕನ ಮುಖ ನೋಡಿ ನಾನೂ ಸಹಿ ಹಾಕಿದೆ. ನನ್ನ ಅರ್ಜಿಯೊಂದಿಗೆ ಅರ್ಥಶಾಸ್ತ್ರದಲ್ಲಿ ನಾನು ಪಡೆದ ಚಿನ್ನದ ಪದಕದ ಪ್ರಮಾಣಪತ್ರವನ್ನಿಟ್ಟೆ.

೪. ಲಕೋಟೆ

ಇಷ್ಟು ಮರಗಳನ್ನು ಬಿಟ್ಟು ಈಕೆ ಅಲ್ಲೇ ಉಳಿಯುವವಳಲ್ಲ ಎಂದು ವೀಸಾ ಕಚೇರಿಯವರಿಗೆ ತೋರಿರಬೇಕು; ಅಕ್ಕನಿಗೆ ವೀಸಾ ಬಂತು. ನಾನು ಸ್ವದೇಶಕ್ಕೆ ಮರಳುವೆನೆಂಬುದಕ್ಕೆ ಸಾಕಷ್ಟು ಆಧಾರವಿಲ್ಲವೆಂದು ನನಗೆ ಪತ್ರ ಬಂತು. ಅಕ್ಕ ತಂಡದವರೊಡನೆ ಹೊರಟಳು. ಬಂದ ಮೇಲೆ ನನ್ನ ಹೆಸರಿಗೂ ನಾಲ್ಕು ಮರ ಬರೆಸಿಕೊಡುವುದಾಗಿ ಧೈರ್ಯ ಹೇಳಿದಳು.

ಮರುವಾರ ಶಿಷ್ಯ ಲಕೋಟೆಯೊಂದಿಗೆ ಮನೆಗೆ ಬಂದ. ವೀಸಾ ಶುಲ್ಕ ಹೋಯಿತು, ಟಿಕೆಟ್ ಹಣವೂ ಹೋಯಿತು ಎಂದ. ಹಾಗಾದರೆ ಲಕೋಟೆಯಲ್ಲಿ ಏನಿದೆ ಎಂದು ಸಂಶಯದಿಂದಲೇ ಕೇಳಿದೆ.

"ನೀವು ಹಾರಲೇ ಇಲ್ವಲ್ಲ ಮೇಡಂ, ಕಾರ್ಬನ್ ತೆರಿಗೆ ಮಾತ್ರ ಪೂರ್ತಿ ವಾಪಸ್ ಬಂತು."