ಸೋಡಾದೊಳಗಿನ ನೀರು

ಕಲಿತ ವಿದ್ಯೆ ಎಂದಾದರೂ ಉಪಯೋಗಕ್ಕೆ ಬರುತ್ತದೆ ಎಂದು ಕಾನ್ವೆಂಟಿನ ಸಿಸ್ಟರು ಹೇಳುತ್ತಿದ್ದರು. ಯಾರ ಉಪಯೋಗಕ್ಕೆ ಎಂದು ಹೇಳಿರಲಿಲ್ಲ. ಬಂಟ್ವಾಳಕ್ಕೆ ಸೊಸೆಯಾಗಿ ಬಂದ ಮೇಲೆ ನನ್ನ ರಸಾಯನಶಾಸ್ತ್ರ ಹಾಲಿಗೆ ಹೆಪ್ಪು ಹಾಕುವುದರಲ್ಲೇ ಮುಗಿದುಹೋಗಿತ್ತು. ಒಂದು ಬೇಸಗೆಯಲ್ಲಿ ಬಟ್ಟೆ ಒಗೆಯುವ ಸೋಡಾ ಹಗುರವಾಗುವ ತನಕ.

ಪೇಟೆಯಿಂದ ತಂದ ಸೋಡಾವನ್ನು ಮನೆಯಲ್ಲಿ ಅತ್ತೆ ಮತ್ತೊಮ್ಮೆ ತೂಗಿ, ತೇವ ತಾಗಬಾರದೆಂದು ಒಲೆಯ ಮೇಲಿನ ಹಲಗೆಯಲ್ಲಿ ಇಡುತ್ತಿದ್ದರು. ಆ ಸಲ ಬಳಸುವ ಮೊದಲೇ ತೂಕ ಅರ್ಧಕ್ಕೆ ಇಳಿದಿತ್ತು. ಬಟ್ಟೆ ಒಗೆಯುವ ಕಮಲಳ ಮೇಲೆ ಸಂಶಯ ಬಂತು. "ನಾನು ಮುಟ್ಲಿಲ್ಲ ಅಮ್ಮ," ಎಂದಳು ಅವಳು, ಬಿರಿದ ಬೆರಳುಗಳನ್ನು ಸೆರಗಿನಲ್ಲಿ ಒರೆಸುತ್ತ.

ನಾನು ಬಾಯಿ ಹಾಕಿದೆ. "ಅತ್ತೆ, ಹರಳಿನೊಳಗೆ ನೀರುಂಟು. ಒಲೆಯ ಬಿಸಿಗೆ ಅದು ಹೋಗಿದೆ. ಸೋಡಾದ ಅಣುತೂಕ ಇನ್ನೂರ ಎಂಬತ್ತಾರು, ಅದರಲ್ಲಿ ನೂರ ಎಂಬತ್ತು ಬರೀ ನೀರು."

"ಎಂತದು, ರಾತಲಾ?"

"ರಾತಲೂ ಅಲ್ಲ, ತೊಲವೂ ಅಲ್ಲ. ಹೋಲಿಸಿ ಹೇಳುವ ಲೆಕ್ಕ. ಹೈಡ್ರೋಜನ್ ಪರಮಾಣುವನ್ನು ಒಂದು ಅಂತ ಇಟ್ಟುಕೊಂಡರೆ..."

"ಪರಮಾಣು ಅಂದ್ರೆ ಬಾಂಬಿನದ್ದಲ್ವಾ? ಅಡುಗೆಮನೆಯಲ್ಲಿ ಅದರ ಹೆಸರೆತ್ತಬೇಡ ಮಾರಾಯ್ತಿ. ಕಲ್ಲಿನಂಥ ಸೋಡಾದಲ್ಲಿ ನೀರಂತೆ."

ಕಮಲಳಿಗೆ ನಾಳೆಯಿಂದ ಬರಬೇಡವೆಂದು ಹೇಳಿಯಾಯಿತು. ಅವಳು ಗೇಟು ದಾಟುವಾಗ ಅವಳೇ ಹರವಿದ್ದ ಸೀರೆಗಳಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

ನಾನು ಸುಮ್ಮನಿರಲಿಲ್ಲ. ಹೊಸ ಸೋಡಾ ತರಿಸಿ, ಅತ್ತೆಯ ಕೈಯಿಂದಲೇ ತೂಗಿಸಿ, ಒಲೆಯ ಪಕ್ಕದ ಜಾಲರಿ ಕಪಾಟಿನಲ್ಲಿಟ್ಟು ಬೀಗ ಹಾಕಿಸಿದೆ. ಕೀಲಿಕೈ ಅವರ ಸೊಂಟದಲ್ಲಿ. ಕೆಲವು ದಿನ ಬಿಟ್ಟು ತೆಗೆದರೆ ಹರಳುಗಳೆಲ್ಲ ಬಿಳಿ ಹಿಟ್ಟು. ತಕ್ಕಡಿಯ ತಟ್ಟೆ ಮೇಲೆದ್ದಿತು. ಅತ್ತೆ ತಕ್ಕಡಿಯನ್ನು ನೋಡಿದರು, ತಮ್ಮ ಸೊಂಟವನ್ನು ಮುಟ್ಟಿ ನೋಡಿಕೊಂಡರು. "ಹಾಗಾದ್ರೆ ಕಮಲ ತೆಗೀಲಿಲ್ಲ," ಎಂದರು, ಬಹಳ ಸಣ್ಣ ದನಿಯಲ್ಲಿ.

ಹೇಳಿ ಕಳುಹಿಸಿದೆವು. ಅವಳು ಮಡಂತ್ಯಾರಿನ ಒಂದು ಮನೆ ಸೇರಿದ್ದಳು. "ಇಲ್ಲಿ ಸೋಡಾ ತೂಗುವುದಿಲ್ಲ, ಇಲ್ಲೇ ಇರ್ತೇನೆ" ಎಂಬ ಉತ್ತರ ಬಂತು.

ಈಗ ಬಟ್ಟೆ ಒಗೆಯುವವಳು ನಾನು. ಮೊದಲ ದಿನ ಆ ಹಿಟ್ಟನ್ನೇ ಎಂದಿನಷ್ಟೇ ತೂಗಿ ನೀರಿಗೆ ಹಾಕಿದೆ. ನೀರು ಬಿಟ್ಟ ಸೋಡಾ ಅಷ್ಟೇ ತೂಕಕ್ಕೆ ಎರಡು ಪಟ್ಟು ಖಾರ; ನನ್ನ ಲೆಕ್ಕದಲ್ಲೇ ಅದಿತ್ತು, ನನಗೆ ಹೊಳೆದಿರಲಿಲ್ಲ. ಸಂಜೆ ಬೆರಳ ಸಂದಿಗಳು ಬಿರಿದು ಉರಿಯುತ್ತಿದ್ದವು. ಅತ್ತೆ ತೆಂಗಿನೆಣ್ಣೆಯ ಕುಪ್ಪಿ ತಂದು ಪಕ್ಕದಲ್ಲಿಟ್ಟರು.

"ಹಚ್ಚಿಕೋ. ಇದನ್ನು ಕಾನ್ವೆಂಟಿನಲ್ಲಿ ಕಲಿಸಲಿಲ್ವಾ?"