ರಾತ್ರಿ ಏಳಲು ಒಬ್ಬರು ಬೇಕಾಗಿದ್ದಾರೆ

ಮೀಟಿಂಗಿನಲ್ಲಿ ಅಣ್ಣ ತಲೆಯಾಡಿಸಿದ್ದು ನಿಜ. ಆದರೆ ಆಗ ಅವನು ನಿದ್ದೆ ಮಾಡುತ್ತಿದ್ದ.

ಅಣ್ಣ ಎಂಬುದು ಆಫೀಸು ಇಟ್ಟ ಹೆಸರು. ತಂಡದಲ್ಲಿ ತಲೆ ನರೆತವನು ಅವನೊಬ್ಬನೇ. ಪಾರ್ಸೆಲ್ ಸಾಗಿಸುವ ಕಂಪನಿ. ಹಗಲೆಲ್ಲ ಸೇರಿದ ಮಾಹಿತಿಯನ್ನು ಕಂಪ್ಯೂಟರ್ ರಾತ್ರಿ ಒಂದೇ ತುತ್ತಿಗೆ ನುಂಗಲು ಹೋಗಿ ಗಂಟಲಿಗೆ ಸಿಕ್ಕಿಸಿಕೊಳ್ಳುತ್ತಿತ್ತು. ಆಗ ಫೋನು ಬಡಿದುಕೊಳ್ಳುತ್ತಿತ್ತು, ಅಣ್ಣ ಎದ್ದು ಅದರ ಬೆನ್ನು ತಟ್ಟಬೇಕಾಗಿತ್ತು. ಮಗಳು ರಾತ್ರಿ ಏಳುವುದನ್ನು ಬಿಟ್ಟು ಎರಡು ವರ್ಷವಾಗಿತ್ತು. ಕಂಪ್ಯೂಟರ್ ಇನ್ನೂ ಬಿಟ್ಟಿರಲಿಲ್ಲ.

"ಡೇಟಾ ಸ್ಟ್ರೀಮಿಂಗ್ ಗೊತ್ತಿರೋರು ಯಾರಿದ್ದೀರಿ?" ಎಂದು ಮ್ಯಾನೇಜರ್ ಕೇಳಿದ್ದಕ್ಕೂ ಅಣ್ಣನ ಗದ್ದ ಎದೆಗೆ ಬಿದ್ದು ಮೇಲೆದ್ದದ್ದಕ್ಕೂ ಸರಿಹೋಯಿತು.

"ಭೇಷ್! ಹಾಗಾದ್ರೆ ಇವತ್ತಿನ ಇಂಟರ್‌ವ್ಯೂ ನೀವೇ ಮಾಡಿ. ಊರಲ್ಲಿರೋ ಕಂಪನಿಗಳೆಲ್ಲ ಈ ಕೆಲಸ ಬಲ್ಲವರನ್ನೇ ಹುಡುಕ್ತಿವೆ. ನಮಗೆ ಮೂರು ಜನ ಸಿಕ್ಕಿರೋದೇ ಹೆಚ್ಚು. ಒಬ್ಬರನ್ನ ಆರಿಸಿಬಿಡಿ, ರಾತ್ರಿ ಏಳೋ ಕೆಲಸ ಇನ್ನು ಅವರದು."

'ನನಗೆ ಗೊತ್ತಿಲ್ಲ' ಎನ್ನಲು ತೆರೆದ ಬಾಯಿ, ಕೊನೆಯ ಮಾತು ಕೇಳಿ ತಾನಾಗಿ ಮುಚ್ಚಿಕೊಂಡಿತು.

"ಏನಣ್ಣಾ, ನಿನಗೆ ಸ್ಟ್ರೀಮಿಂಗ್ ಗೊತ್ತಾ?" ಎಂದ ಪಕ್ಕದ ಮೇಜಿನವನು.

"ಮಗಳಿಗೆ ಕಾರ್ಟೂನ್ ಹಾಕಿಕೊಡ್ತೀನಲ್ಲ, ಅಷ್ಟು ಗೊತ್ತು."

"ಸಾಕು ಬಿಡು. ಮೊದಲನೆಯವನಿಗೆ 'ನಿಮಗೆ ಗೊತ್ತಿರೋದು ಹೇಳಿ' ಅನ್ನು. ಅವನು ಹೇಳಿದ್ದನ್ನೇ ಎರಡನೆಯವನಿಗೆ ಪ್ರಶ್ನೆ ಮಾಡಿ ಕೇಳು."

ಮೊದಲನೆಯ ಹುಡುಗ ಪರದೆಯ ಮೇಲೆ ಮೂಡಿದ್ದೇ ತಡ, ಪಾಠ ಶುರುಮಾಡಿದ. "ಬಕೆಟ್ ತುಂಬಿದ ಮೇಲೆ ಸುರಿಯೋದು ಹಳೇ ಕಾಲ ಸರ್. ಇದು ನಲ್ಲಿ. ಬಂದಬಂದ ಹಾಗೇ ಹರೀತಿರುತ್ತೆ. ಕಷ್ಟ ಎಲ್ಲಿ ಅಂದ್ರೆ, ಒಂದೇ ಸುದ್ದಿ ಎರಡು ಸಲ ಬಂದಾಗ..." ಅಣ್ಣ ಸರಸರ ಬರೆದುಕೊಂಡ. ಅಷ್ಟರಲ್ಲಿ ಹುಡುಗನಿಗೆ ಫೋನು ಬಂತು. "ಸಾರಿ ಸರ್, ಬೇರೆ ಕಡೆ ಕೆಲಸ ಸಿಕ್ತು" ಎಂದವನೇ ಮಾಯವಾದ.

ಎರಡನೆಯವನಿಗೆ ಅಣ್ಣ ಗತ್ತಿನಿಂದ ಕೇಳಿದ: "ಒಂದೇ ಸುದ್ದಿ ಎರಡು ಸಲ ಬಂದ್ರೆ ಏನ್ಮಾಡ್ತೀರಿ?" ಅವನು ಅದನ್ನೂ ಬಿಡಿಸಿ ಹೇಳಿ, ತಡವಾಗಿ ಬಂದ ಸುದ್ದಿಗೆ ಎಷ್ಟು ಹೊತ್ತು ಕಾಯಬೇಕೆಂಬುದನ್ನೂ ಸೇರಿಸಿ, "ರಾತ್ರಿ ಕೆಲಸ ಇರುತ್ತಾ ಸರ್?" ಎಂದ.

"ಇರುತ್ತೆ" ಎಂದ ಅಣ್ಣ, ಪ್ರಾಮಾಣಿಕವಾಗಿ.

"ಅಯ್ಯೋ, ನೆಟ್‌ವರ್ಕ್ ಹೋಯ್ತು ಸರ್, ನಿಮ್ಮ ಮಾತು ಕೇಳಿಸ್ತಿಲ್ಲ" ಎಂದು ಸ್ಪಷ್ಟವಾಗಿ ಹೇಳಿ ಅವನೂ ಹೋದ.

ಮಧ್ಯಾಹ್ನ ಹೆಂಡತಿಯ ಫೋನು. "ಏನ್ರೀ, ಯಾರಾದ್ರೂ ಸಿಕ್ಕಿದ್ರಾ? ಮಗಳು ನಿಮ್ಮ ಚಿತ್ರ ಬರೆದಿದ್ದಾಳೆ. ಕಣ್ಣು ಮುಚ್ಚಿಸಿಯೇ ಬರೆದಿದ್ದಾಳೆ. ಇವತ್ತು ಒಬ್ಬರನ್ನ ಗಟ್ಟಿ ಮಾಡ್ಕೊಂಡೇ ಬನ್ನಿ!"

ಉಳಿದವರು ಒಬ್ಬರೇ. ಆ ಹೆಣ್ಣುಮಗಳ ಮೇಲೆ ಅಣ್ಣ ಬೆಳಗಿನಿಂದ ಕಲಿತದ್ದನ್ನೆಲ್ಲ ಪ್ರಯೋಗಿಸಿದ. ಆಕೆ ಕಡಲೆ ಬಿಡಿಸಿದಂತೆ ಉತ್ತರಿಸಿ, "ಇಷ್ಟು ಆಳವಾಗಿ ಯಾರೂ ಕೇಳಿರ್ಲಿಲ್ಲ ಸರ್. ನಂದೊಂದೇ ಪ್ರಶ್ನೆ. ಮನೇಲಿ ಪುಟ್ಟ ಮಗು ಇದೆ. ರಾತ್ರಿ ಕೆಲಸ ಇರುತ್ತಾ?" ಎಂದಳು.

ಅಣ್ಣನಿಗೆ ಆಕೆ ಪಾಪ ಎನಿಸಿತು, ತಾನೇ ಹೆಚ್ಚು ಪಾಪ ಎನಿಸಿತು.

"ರಾತ್ರಿನಾ? ಛೆ ಛೆ! ಇಲ್ಲಿ ಹಗಲಲ್ಲೇ ಕೆಲಸ ಸಾಲಲ್ಲ. ರಾತ್ರಿ ಯಾರೂ ನಿಮ್ಮನ್ನ ಎಬ್ಬಿಸಲ್ಲ. ನನ್ನ ಮಾತು!"

ಆಕೆ ಆ ಕ್ಷಣವೇ ಒಪ್ಪಿದಳು. ಅಣ್ಣ ಕುರ್ಚಿಯಲ್ಲೇ ಕಾಲು ಚಾಚಿದ. ಅಷ್ಟರಲ್ಲಿ ಮ್ಯಾನೇಜರ್ ನಗುತ್ತ ಬಂದರು.

"ನನ್ನ ಕ್ಯಾಮೆರಾ ಆಫ್ ಮಾಡ್ಕೊಂಡು ನಾನೂ ಕೇಳ್ತಿದ್ದೆ. ಏನ್ ಪ್ರಶ್ನೆ ರೀ ನಿಮ್ದು! ಆಕೆಗೆ ಕೆಲಸದ ಪತ್ರ ಕಳಿಸಾಯ್ತು. ರಾತ್ರಿ ಕೆಲಸ ಇಲ್ಲ ಅಂತ ನೀವು ಕೊಟ್ಟ ಮಾತನ್ನೂ ಅದರಲ್ಲಿ ಸೇರಿಸಿದ್ದೀನಿ. ಆಡಿದ ಮಾತಿಗೆ ಕಂಪನಿ ತಪ್ಪಬಾರದು."

"ಮತ್ತೆ... ರಾತ್ರಿ ಯಾರು ಸರ್?"

"ಇನ್ಯಾರು, ನೀವೇ. ಈಗಂತೂ ಮಾಹಿತಿ ರಾತ್ರಿಯೆಲ್ಲ ಹರೀತಾನೇ ಇರುತ್ತೆ. ಗೊತ್ತಿರೋರೊಬ್ಬರು ಎದ್ದಿರಬೇಕಲ್ಲ?"

ಅಣ್ಣ ಅಳುಮುಖ ಮಾಡಿ ನಿಜ ಬಾಯಿಬಿಟ್ಟ. "ನನಗೇನೂ ಗೊತ್ತಿಲ್ಲ ಸರ್! ಎಲ್ಲ ಬೆಳಗಿನಿಂದ ಆ ಮೂವರಿಂದಲೇ ಕಲಿತದ್ದು."

"ಒಂದೇ ದಿನದಲ್ಲಿ ಇಷ್ಟಾ!" ಮ್ಯಾನೇಜರ್ ಬೆರಗಾಗಿ ಅವನ ಭುಜ ತಟ್ಟಿದರು. "ಅಂದಹಾಗೆ ಆಕೆಗೆ ಬಹಳ ಸಂತೋಷ ಆಯ್ತಂತೆ. ಮಕ್ಕಳೊಂದಿಗರ ನಿದ್ದೆ ಬಗ್ಗೆ ಇಷ್ಟು ಕಾಳಜಿ ಇರೋ ಕಂಪನೀನ ಎಲ್ಲೂ ನೋಡಿಲ್ಲ ಅಂದ್ರು."