ತಿರುಗಾಮುರುಗಾ ಫ್ಯಾನು

ಪ್ರೇಮ್‌ಕುಮಾರನ ಕಂಪ್ಯೂಟರು ಮಾವನ ಮೀಸೆಗೆ ಬರುವಷ್ಟರಲ್ಲಿ ತಪ್ಪದೆ ಆರಿಹೋಗುತ್ತಿತ್ತು. ಚಿನ್ನಮನೂರಿನ ಮಿಲ್ಲಿನ ಬೀದಿಯಲ್ಲಿ ಅವನದೊಂದು ಬ್ಯಾನರ್ ಅಂಗಡಿ. ತೇವಾರಂನಲ್ಲಿ ಮಾವ ಅಯ್ಯಾವುವಿನ ಅರವತ್ತರ ಶಾಂತಿಗೆ ಇನ್ನೆರಡೇ ದಿನ. ಬ್ಯಾನರು ಅಳಿಯನದೇ ಆಗಬೇಕು. ಮಾವನ ಮುಖದ ಹದಿನೈದಡಿಯ ಚಿತ್ರವನ್ನು ತಿದ್ದಲು ತೆರೆದರೆ ಸಾಕು, ಕಂಪ್ಯೂಟರು ದೋಸೆಕಲ್ಲಿನ ಹಾಗೆ ಕಾಯುತ್ತಿತ್ತು.

"ಒಳಗೆ ಗಾಳಿ ಆಡ್ತಿಲ್ಲ, ಫ್ಯಾನ್ ಆಕು," ಎಂದ ಎದುರಿನ ಸೈಕಲ್ ಅಂಗಡಿಯ ಚಿನ್ನತಂಬಿ.

ಅಂದು ಬೆಳಿಗ್ಗೆಯೇ ಪ್ರೇಮ್‌ಕುಮಾರ್ ಕಂಪ್ಯೂಟರಿನ ಡಬ್ಬಕ್ಕೆ ಕೂಡಿಸುವ ಮೂರು ಪುಟ್ಟ ಫ್ಯಾನು ತಂದ. ಎದುರಿನಿಂದ ತಣ್ಣನೆ ಗಾಳಿ ಒಳಕ್ಕೆ, ಹಿಂದಿನಿಂದ ಬಿಸಿ ಗಾಳಿ ಆಚೆಗೆ ಎಂದು ಮಾರಿದವನು ಎರಡು ಸಲ ಹೇಳಿದ್ದ. "ಅಷ್ಟು ತಿಳೀದಾ ನಂಗೆ?" ಎಂದು ನಕ್ಕು ಬಂದವನು ಮೂರನ್ನೂ ತಿರುಗಾಮುರುಗಾ ಕೂಡಿಸಿದ. ಹಿಂದಿನದು ಗಾಳಿ ಎಳೆಯಿತು, ಎದುರಿನ ಎರಡು ಹೊರಕ್ಕೆ ಊದಿದವು.

ಆದರೂ ಈ ಸಲ ಕಂಪ್ಯೂಟರು ಆರಿಹೋಗಲಿಲ್ಲ. ತಿದ್ದುವ ಕೆಲಸ ಮೀಸೆ ದಾಟಿತು, ಗಲ್ಲ ದಾಟಿತು. ನೆರಳುಬೆಳಕು ನೋಡಲೆಂದು ಚಿತ್ರವನ್ನು ಕಪ್ಪುಬಿಳುಪು ಮಾಡಿದ. ಅಷ್ಟರಲ್ಲಿ ಕಂಪ್ಯೂಟರಿನ ಬೆನ್ನಿಗಿದ್ದ ಕಿಟಕಿಯಾಚೆ, ಪಕ್ಕದ ಮಿಲ್ಲಿನಲ್ಲಿ, ಮೂಟೆಗಟ್ಟಲೆ ಒಣಮೆಣಸಿನಕಾಯಿ ಪುಡಿಯಾಗತೊಡಗಿತು. ಹಿಂದಿನ ಫ್ಯಾನು ಆ ಘಾಟನ್ನೆಲ್ಲ ಎಳೆದುಕೊಂಡಿತು. ಎದುರಿನವು ಅದನ್ನು ನೇರವಾಗಿ ಅವನ ಮುಖಕ್ಕೆ ತಲುಪಿಸಿದವು. ಕಣ್ಣು, ಮೂಗು ಒಟ್ಟಿಗೇ ಸುರಿದವು.

ಹೂ ಮಾರುವ ಮುನಿಯಮ್ಮಾಳ್ ಇಣುಕಿದಳು. ಪರದೆಯ ಮೇಲೆ ಕಪ್ಪುಬಿಳುಪಿನ ಅಯ್ಯಾವು. ಮುಂದೆ ಬಿಕ್ಕುತ್ತಿರುವ ಪ್ರೇಮ್‌ಕುಮಾರ್.

"ಯಾರು ತಂಬಿ, ನಿಮ್ ಮಾಮನಾ?"

ಬಾಯಿ ತೆರೆದರೆ ಕೆಮ್ಮು. ತಲೆಯಾಡಿಸಿದ.

"ಐಯೋ ಕಡವುಳೇ! ಯಾವಾಗ?"

ಶಾಂತಿ ಯಾವಾಗ ಎಂದು ಕೇಳುತ್ತಿದ್ದಾಳೆಂದುಕೊಂಡು ಎರಡು ಬೆರಳು ಎತ್ತಿದ.

"ಬೆಳಗಿನ್ ಜಾವ ಎಲ್ಡಕ್ಕೇ ಓಗ್ಬುಟ್ರಾ!" ಎಂದು ಒಳಗೆ ನುಗ್ಗಿದವಳ ಕಣ್ಣಲ್ಲೂ ಧಾರೆ ಇಳಿಯಿತು. ಚಿನ್ನತಂಬಿ ಬಂದ, ಅತ್ತ. ಬೀದಿಯವರು ಒಬ್ಬೊಬ್ಬರಾಗಿ ಬಂದರು; ಒಳಗೆ ಕಾಲಿಟ್ಟವರಲ್ಲಿ ಅಳದವರೇ ಇಲ್ಲ. ಅಷ್ಟು ಜನರ ನಡುವೆ ಪ್ರೇಮ್‌ಕುಮಾರನ ಕೈಸನ್ನೆ ಯಾರಿಗೂ ಅರ್ಥವಾಗಲಿಲ್ಲ. ಚಿನ್ನತಂಬಿ ತೇವಾರಂಗೆ ಫೋನನ್ನೂ ಮಾಡಿಬಿಟ್ಟ.

ಅಯ್ಯಾವು ಮಾತ್ರ ಶಾಂತಿಗೆ ತೆಂಗಿನಕಾಯಿ ಕೊಳ್ಳಲು ಚಿನ್ನಮನೂರಿಗೇ ಬಂದಿದ್ದ. ತನ್ನ ಸಾವಿನ ಸುದ್ದಿಯನ್ನು ಕಾಯಿ ಅಂಗಡಿಯಲ್ಲೇ ಕೇಳಿ, ಬಿರಬಿರನೆ ನಡೆದು ಬಂದು ಬಾಗಿಲಲ್ಲಿ ನಿಂತ. ಮುನಿಯಮ್ಮಾಳ್ ಕೈಯಿಂದ ಹಾರ ಜಾರಿತು. ಬೀದಿ ಒಂದು ಗಳಿಗೆಯಲ್ಲಿ ಖಾಲಿಯಾಯಿತು.

ಮಿಲ್ಲು ನಿಂತಿತ್ತು. ಘಾಟಿನ ಸುಳಿವೂ ಇರಲಿಲ್ಲ. ಪ್ರೇಮ್‌ಕುಮಾರ್ ಮಾವನ ಕಾಲಿಗೆ ಬಿದ್ದ. "ತಪ್ಪಾಯ್ತು ಮಾಮಾ. ನಾನು ಅಳ್ನೇ ಇಲ್ಲ. ಮೆಣಸಿನ್ ಪುಡಿ ಘಾಟು. ಫ್ಯಾನ್ ಉಲ್ಟಾ ಆಕ್ಬುಟ್ಟೆ."

ಬೈಗುಳ ಬರಲಿಲ್ಲ. ತಲೆಯೆತ್ತಿ ನೋಡಿದರೆ ಮಾವನ ಕಣ್ಣು ಒದ್ದೆ.

"ಗಂಡ್ಸು ಅತ್ತಿದ್ನ ಒಪ್ಕಳಕ್ಕೆ ನಾಚ್ಕೆ ಮಾಪ್ಳೆ, ನಂಗೊತ್ತು. ಫೋನಲ್ಲಿ ಸುದ್ದಿ ಕೇಳಿ ನನ್ ಮಗ ರಾಮರ್ ಏನಂದ ಗೊತ್ತಾ? 'ಸಾಯಂಕಾಲ ಬಂದ್ರೆ ಸಾಲ್ದಾ' ಅಂದ್ನಂತೆ."

"ಅಯ್ಯೋ, ನಿಜವಾಗ್ಲೂ ಘಾಟು ಮಾಮಾ..."

"ಸುಮ್ಕಿರು."

ಮಾವ ಬಂದರೆ ಹಿತ್ತಲ ಬಾಗಿಲಿಂದ ಜಾರಿಕೊಳ್ಳುವ ಅಳಿಯ ಅವನು. ನಾಚಿಕೆಯಿಂದ ಕುಗ್ಗಿ ನೆಲ ನೋಡುತ್ತ ಕೂತ.

"ಶಾಂತಿ ಮುಗೀಲಿ. ಆಮೇಲೆ ನಾನೂ ನಿಮ್ಮತ್ತೇನೂ ನಿಮ್ಮನೇಗೇ ಬಂದ್ಬುಡ್ತೀವಿ. ಕೊನೇಗಂಟ ನಿನ್ ಜೊತೇಲೇ," ಎಂದ ಅಯ್ಯಾವು, ಹೆಗಲ ಟವೆಲ್ಲಿನಿಂದ ಅಳಿಯನ ಕಣ್ಣೊರೆಸುತ್ತ.

ಎಷ್ಟು ಒರೆಸಿದರೂ ನಿಲ್ಲಲಿಲ್ಲ. ಈಗ ಪ್ರೇಮ್‌ಕುಮಾರ್ ನಿಜವಾಗಿಯೂ ಅಳುತ್ತಿದ್ದ.